ಅಂಗಡಿ ಹೆಸರಿನ ಅಗ್ಗದ ಬೇಳೆ ತಂದರೆ ಅತ್ತೆಗೇಕೆ ಮುಜುಗರ?

ಪ್ರಶ್ನೆ: ನಾವು ಕಾರವಾರದವರು. ಮಡಗಾಂವಿಗೋ ಹುಬ್ಬಳ್ಳಿಗೋ ಹೋದಾಗ ಅಲ್ಲಿನ ದೊಡ್ಡ ಸೂಪರ್ ಮಾರ್ಕೆಟ್‌ನಿಂದ ತಿಂಗಳ ಸಾಮಾನು ತರುತ್ತೇನೆ. ಬೇಳೆ, ಸಕ್ಕರೆ, ಗೋಧಿಹಿಟ್ಟು, ಚಾಪುಡಿ, ಬಿಸ್ಕತ್ತು ಎಲ್ಲ ಆ ಅಂಗಡಿಯವರದೇ ಹೆಸರಿನ ಪ್ಯಾಕೆಟ್. ಟಿವಿಯಲ್ಲಿ ಬರುವ ಕಂಪನಿಗಳದ್ದಕ್ಕಿಂತ ಅಗ್ಗ. ಅತ್ತೆಗೆ ಸುತಾರಾಂ ಹಿಡಿಸುವುದಿಲ್ಲ. "ಬಡವರ ಪ್ಯಾಕೆಟ್, ಯಾರಾದರೂ ಬಂದಾಗ ಆ ಬಿಸ್ಕತ್ತು ಇಡಬೇಡ" ಅಂತಾರೆ. ಇವರು ಏನೂ ಹೇಳುವುದಿಲ್ಲ, ಆದರೆ ಚಾ ಕುಡಿದು ಮುಖ ಕಿವುಚುತ್ತಾರೆ. ಮನೆ ಹತ್ತಿರದ ಕಿರಾಣಿ ಅಂಗಡಿಯವರ ಎದುರು ಆ ಚೀಲ ಹಿಡಿದು ಬರಲು ನನಗೂ ಸಂಕೋಚ. ಈ ಸಾಮಾನು ನಿಜವಾಗಿಯೂ ಕಳಪೆಯಾ?

ಉತ್ತರ: ನೀವು ಬರೆದ ಐದು ಸಾಮಾನಿಗೆ ಒಂದೇ ಉತ್ತರ ಇಲ್ಲ. ಸಕ್ಕರೆ ವಿಷಯದಲ್ಲಿ ನಿಮ್ಮ ಅತ್ತೆಯ ತಕರಾರಿಗೆ ಬುಡವೇ ಇಲ್ಲ. ಚಾಪುಡಿ ವಿಷಯದಲ್ಲಿ ನಿಮ್ಮ ಯಜಮಾನರ ಮುಖ ಸುಳ್ಳು ಹೇಳುತ್ತಿಲ್ಲ. ಬೇಳೆ, ಹಿಟ್ಟು, ಬಿಸ್ಕತ್ತು ಮೂರನ್ನೂ ಪ್ಯಾಕೆಟ್ ತಿರುಗಿಸಿ ನೋಡಿಯೇ ಹೇಳಬೇಕು. ನಾನು ಆಹಾರ ತಂತ್ರಜ್ಞಾನ ಓದಿದವನು, ದಿನಸಿ ಖರೀದಿ ಮತ್ತು ಪರೀಕ್ಷೆಯ ಕೆಲಸದಲ್ಲಿದ್ದವನು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಸಕ್ಕರೆ ಮೊದಲು ಮುಗಿಸಿಬಿಡೋಣ. ಬೆಳಗಾವಿ, ಬಾಗಲಕೋಟೆ ಕಡೆಯ ಕಾರ್ಖಾನೆಯಿಂದಲೋ ಮಹಾರಾಷ್ಟ್ರದಿಂದಲೋ ಅದು 50 ಕೆಜಿ ಚೀಲದಲ್ಲಿ ಹೊರಡುತ್ತದೆ. ಹರಳಿನ ಗಾತ್ರ, ಬಣ್ಣ ನೋಡಿ ಎಸ್-30, ಎಂ-30 ಅಂತ ದರ್ಜೆ ಮಾಡುತ್ತಾರೆ. ಎಂ ಅಂದರೆ ಹರಳು ಸ್ವಲ್ಪ ದಪ್ಪ, ಎಸ್ ಅಂದರೆ ಸಣ್ಣ. ಅದನ್ನೇ ಒಬ್ಬರು ಚಂದದ ಕವರಿಗೆ ತುಂಬುತ್ತಾರೆ, ಇನ್ನೊಬ್ಬರು ತಮ್ಮ ಅಂಗಡಿಯ ಹೆಸರಿನ ಕವರಿಗೆ, ನಿಮ್ಮ ಓಣಿಯ ಕಿರಾಣಿಯವರು ಹೆಸರೇ ಇಲ್ಲದ ಪ್ಲಾಸ್ಟಿಕ್ಕಿಗೆ. ಪಾಯಸಕ್ಕೆ ಹಾಕಿದ ಮೇಲೆ ಯಾವ ನಾಲಿಗೆಗೂ ಗೊತ್ತಾಗುವುದಿಲ್ಲ. ಪುಡಿ ಉಪ್ಪಿನದ್ದೂ ಇದೇ ಕತೆ. ಅಯೋಡಿನ್ ಉಪ್ಪಿಗೆ ಕಾನೂನಿನ ಲೆಕ್ಕ ಎಲ್ಲರಿಗೂ ಒಂದೇ: ತಯಾರಾಗುವಾಗ ಕಡಿಮೆಯೆಂದರೆ 30 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲಿಗೆ 30 ಪಾಲು), ಅಂಗಡಿಯಲ್ಲಿ ಮಾರುವಾಗ 15 ಪಿಪಿಎಂ ಅಯೋಡಿನ್ ಇರಬೇಕು. ಇವೆರಡರಲ್ಲಿ ಹೆಸರಿಗೆ ದುಡ್ಡು ಕೊಡುವುದು ಸುಮ್ನೆ.

ಹಾಗಾದರೆ ಅಗ್ಗ ಯಾಕೆ? ಎಲ್ಲರೂ ಮೊದಲು ಅನುಮಾನ ಪಡುವುದು ಇಲ್ಲೇ. "ಏನೋ ಕಲಬೆರಕೆ ಇರಬೇಕು, ಇಲ್ಲದಿದ್ದರೆ ಅಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ" ಅಂತ. ದೊಡ್ಡ ಕಂಪನಿಯ ಪ್ಯಾಕೆಟ್ ನಿಮ್ಮ ಕೈಗೆ ಬರುವಷ್ಟರಲ್ಲಿ ಅದರ ಮೇಲೆ ಟಿವಿ ಜಾಹೀರಾತು, ಏಜೆನ್ಸಿಯವರ ಕಮಿಷನ್, ಅಂಗಡಿ ಅಂಗಡಿ ತಿರುಗಿ ಆರ್ಡರ್ ಬರೆದುಕೊಳ್ಳುವ ಹುಡುಗನ ಸಂಬಳ ಎಲ್ಲ ಕೂತಿರುತ್ತದೆ. ಸೂಪರ್ ಮಾರ್ಕೆಟ್‌ನವರಿಗೆ ತಮ್ಮದೇ ಪ್ಯಾಕೆಟ್ ಮೇಲೆ ಈ ಖರ್ಚು ಬಹುಪಾಲು ಇಲ್ಲ. ಮಿಲ್ಲಿನವರಿಂದ ಲೋಡುಗಟ್ಟಲೆ ನೇರ ಖರೀದಿ, ತಮ್ಮದೇ ಕಪಾಟು, ತಮ್ಮದೇ ಗಿರಾಕಿ. ನಿಮಗೆ ಅಗ್ಗಕ್ಕೆ ಕೊಟ್ಟರೂ ಅವರಿಗೆ ಅದರಲ್ಲಿ ಉಳಿಯುವುದು ಹೆಚ್ಚಿನ ಸಲ ಕಂಪನಿ ಮಾಲಿಗಿಂತ ಜಾಸ್ತಿಯೇ. ಅದಕ್ಕೇ ಅದು ಸರೀ ನಿಮ್ಮ ಕಣ್ಣಿನ ಎತ್ತರದ ಕಪಾಟಿನಲ್ಲಿ ಇರುತ್ತದೆ. ಧರ್ಮಕ್ಕೆ ಯಾರೂ ಕೊಡುತ್ತಿಲ್ಲ.

ಇಲ್ಲೊಂದು ಆಟ ಇದೆ, ಗಮನಿಸಿ. ಪ್ಯಾಕೆಟ್ ಮೇಲೆ ಎಂಆರ್‌ಪಿ 200, ಅದನ್ನು ಹೊಡೆದು ಹಾಕಿ 120 ಅಂತ ದೊಡ್ಡದಾಗಿ ಬರೆದಿರುತ್ತಾರೆ ಅಂದುಕೊಳ್ಳಿ. ಕಂಪನಿ ಮಾಲಿನ ಮೇಲೆ ಎಂಆರ್‌ಪಿ ಹಾಕುವುದು ಕಂಪನಿ, ರಿಯಾಯಿತಿ ಕೊಡುವುದು ಅಂಗಡಿ. ಆದರೆ ಸ್ವಂತ ಹೆಸರಿನ ಪ್ಯಾಕೆಟ್ ಮೇಲೆ ಎಂಆರ್‌ಪಿ ಹಾಕಿಸಿದವರೂ ಅವರೇ, ಹೊಡೆದು ಹಾಕಿದವರೂ ಅವರೇ! ಆ 80 ರೂಪಾಯಿ ಉಳಿತಾಯ ಅನ್ನುವುದು ಬರೀ ಕಾಗದದ ಮೇಲಿನ ಮಾತು. ನೀವು ನೋಡಬೇಕಾದ್ದು ಯೂನಿಟ್ ಬೆಲೆ. ಈಗ ಕೆಲವು ವರ್ಷಗಳಿಂದ ಪ್ಯಾಕೆಟ್ ಮೇಲೆ ಇದನ್ನೂ ಹಾಕಬೇಕು ಅಂತ ನಿಯಮ ಇದೆ. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಮಿಗೆ ಎಷ್ಟು, ಜಾಸ್ತಿ ಇದ್ದರೆ ಕೆಜಿಗೆ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದೂ ಎಂಆರ್‌ಪಿಯ ಮೇಲಿನ ಲೆಕ್ಕವೇ, ಹಾಗಾಗಿ ನೀವು ಕೊಡುವ ಬೆಲೆಯನ್ನು ತೂಕಕ್ಕೆ ಭಾಗಿಸಿ ನೋಡಿದರೆ ಇನ್ನೂ ಸರಿ. ಎಣ್ಣೆಯಲ್ಲಂತೂ ಇದು ಬೇಕೇ ಬೇಕು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಅಂದರೆ ಸುಮಾರು 910 ಗ್ರಾಂ. ನೋಡಲು ಒಂದೇ ಗಾತ್ರದ ಪೊಟ್ಟಣ, ಒಂದರಲ್ಲಿ 910, ಪಕ್ಕದ್ದರಲ್ಲಿ 850 ಅಥವಾ 800 ಗ್ರಾಂ. ಅಗ್ಗ ಅಂತ ತಂದಿದ್ದು ಬರೀ ಕಡಿಮೆ ಎಣ್ಣೆ ಆಗಿರಬಹುದು. ಹೆಸರಾಂತ ಕಂಪನಿಗಳೂ ಈ ಆಟ ಆಡುತ್ತವೆ.

ಇನ್ನು ಬೇಳೆ. ಇದರಲ್ಲಿ ನಿಜವಾದ ವ್ಯತ್ಯಾಸ ಇದೆ, ಆದರೆ ಅದು ಹೆಸರಿನದ್ದಲ್ಲ, ದರ್ಜೆಯದ್ದು. ಒಂದೇ ಮಿಲ್ಲಿನಿಂದ ಇಡೀ ಕಾಳಿನ, ಒಂದೇ ಬಣ್ಣದ ತೊಗರಿಬೇಳೆಯೂ ಬರುತ್ತದೆ, ಒಡೆದ ತುಂಡು ಜಾಸ್ತಿ ಇರುವ ಬೇಳೆಯೂ ಬರುತ್ತದೆ. ಕೆಲವು ಕಂಪನಿಗಳು ತಾವೇ ಎರಡು ಮೆಟ್ಟಿಲು ಮಾಡಿಕೊಂಡಿವೆ. ಆನ್‌ಲೈನ್‌ನಲ್ಲಿ ದಿನಸಿ ಮಾರುವ ಬಿಗ್‌ಬಾಸ್ಕೆಟ್‌ನವರ ಬಿಬಿ ಪಾಪ್ಯುಲರ್, ಬಿಬಿ ರಾಯಲ್ ನೋಡಿ, ಅಂಗಡಿ ಒಂದೇ, ಮೆಟ್ಟಿಲು ಬೇರೆ. ಮುಂದಿನ ಸಲ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ತಳ ನೋಡಿ. ತಳದಲ್ಲಿ ಹಳದಿ ಪುಡಿ ಕೂತಿದೆಯಾ, ತುಂಡು ಎಷ್ಟಿದೆ, ಅಲ್ಲಲ್ಲಿ ಸಿಪ್ಪೆ ಹೋಗದ ಕಂದು ಕಾಳು ಇದೆಯಾ. ತುಂಡು ಇದ್ದರೆ ಸಾರಿಗೆ, ಹುಳಿಗೆ ಏನೂ ತೊಂದರೆ ಇಲ್ಲ, ಹೇಗೂ ಕರಗಿಯೇ ಹೋಗುತ್ತದೆ. ಆದರೆ ಹಳೇ ಮಾಲು ಬಂದರೆ ಕಷ್ಟ. ಸೆಖೆ ಮತ್ತು ತೇವದಲ್ಲಿ ತಿಂಗಳುಗಟ್ಟಲೆ ಇಟ್ಟ ಬೇಳೆ ಎಷ್ಟು ಸೀಟಿ ಹಾಕಿಸಿದರೂ ನುಣ್ಣಗೆ ಬೇಯುವುದಿಲ್ಲ. ಪ್ಯಾಕ್ ಮಾಡಿದ ತಿಂಗಳು ಯಾವುದು ನೋಡಿ, ಹೊಸದನ್ನೇ ಆರಿಸಿ.

ತೇವದ ಮಾತು ಬಂತಲ್ಲ, ನಮ್ಮ ಕರಾವಳಿಯವರು ಇದೊಂದನ್ನು ಮರೆಯಬಾರದು. ಅಗ್ಗದ ಪ್ಯಾಕೆಟ್‌ನಲ್ಲಿ ಖರ್ಚು ಉಳಿಸುವ ಒಂದು ಜಾಗ ಅದರ ಕವರು. ಕಂಪನಿ ಬಿಸ್ಕತ್ತಿನ ಕವರ್ ಒಳಗೆ ಬೆಳ್ಳಿ ಬಣ್ಣದ ಪದರ ಇರುವುದನ್ನು ನೋಡಿರುತ್ತೀರಿ, ಗಾಳಿ ಮತ್ತು ತೇವ ತಡೆಯಲು ಅದು. ಕೆಲವು ಅಗ್ಗದ ಮಾಲಿಗೆ ತೆಳ್ಳನೆ ಪ್ಲಾಸ್ಟಿಕ್ ಅಷ್ಟೇ. ಹುಬ್ಬಳ್ಳಿಯ ಒಣ ಹವೆಯಲ್ಲಿ ಅದು ಸಾಕು. ಕಾರವಾರದ ಜೂನ್, ಜುಲೈನಲ್ಲಿ, ಒಗೆದ ಬಟ್ಟೆಯೇ ವಾರ ಒಣಗದ ಕಾಲದಲ್ಲಿ, ಸಾಲುವುದಿಲ್ಲ. ಬಿಸ್ಕತ್ತು ಮೆತ್ತಗಾಗುತ್ತದೆ, ರವೆಗೆ ಹುಳ ಬೀಳುತ್ತದೆ, ಹಿಟ್ಟಿಗೆ ಕಮಟು ವಾಸನೆ. ಇಡೀ ಗೋಧಿಯ ಹಿಟ್ಟಿನಲ್ಲಿ ತೌಡು, ಮೊಳಕೆಯ ಎಣ್ಣೆಯಂಶ ಇರುತ್ತದೆ, ಅದು ಹಳತಾದರೆ ಕಮಟುವುದೇ. ಆಗ ಮನೆಯವರು "ನೋಡು, ಅಗ್ಗದ ಮಾಲು" ಅಂತಾರೆ. ತಪ್ಪು ಹಿಟ್ಟಿನದ್ದಲ್ಲ, ಮಳೆಗಾಲಕ್ಕೆ ಹತ್ತು ಕೆಜಿ ತಂದಿದ್ದು. ಮಳೆಗಾಲದಲ್ಲಿ ಹಿಟ್ಟು, ರವೆ ಸಣ್ಣ ಪ್ಯಾಕೆಟ್ ತನ್ನಿ, ತಂದ ದಿನವೇ ಗಟ್ಟಿ ಮುಚ್ಚಳದ ಡಬ್ಬಿಗೆ ಸುರಿಯಿರಿ. ಬೇಳೆ, ಸಕ್ಕರೆ ಬೇಕಾದರೆ ಜಾಸ್ತಿಯೇ ತನ್ನಿ.

ಬಿಸ್ಕತ್ತಿಗೆ ಸುಲಭದ ಪರೀಕ್ಷೆ ಇದೆ. ಹಿಂದೆ ಬರೆದಿರುವ ಸಾಮಗ್ರಿಗಳ ಪಟ್ಟಿ ತೂಕದ ಕ್ರಮದಲ್ಲಿ ಇರಬೇಕು ಅಂತ ನಿಯಮ: ಯಾವುದು ಜಾಸ್ತಿ ಇದೆಯೋ ಅದು ಮೊದಲು. ಎರಡೂ ಪ್ಯಾಕೆಟ್ ಪಕ್ಕ ಪಕ್ಕ ಇಟ್ಟು ಓದಿ. ಹೆಚ್ಚಿನ ಸಲ ಎರಡರಲ್ಲೂ ಮೈದಾ, ಸಕ್ಕರೆ, ತಾಳೆ ಎಣ್ಣೆ, ಅದೇ ಸಾಲು. ಬೆಣ್ಣೆ ಬಿಸ್ಕತ್ತು ಅಂತ ದೊಡ್ಡ ಅಕ್ಷರದಲ್ಲಿ ಇದ್ದರೂ ಬೆಣ್ಣೆ ಎಲ್ಲೋ ಬಾಲದಲ್ಲಿ ಶೇ 1 ಅಥವಾ 2 ಅಂತ ಸಿಗಬಹುದು, ಅದು ದೊಡ್ಡ ಕಂಪನಿಯದ್ದೇ ಆದರೂ. ಕಾಫಿಯನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಘಟ್ಟದ ಮೇಲಿನ ನೆಂಟರು ಬಂದರೆ ಬೇಕಾಗುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಅಗ್ಗದ ಪ್ಯಾಕೆಟ್ ಈ ಗಡಿಗೆ ತಾಗಿಕೊಂಡೇ ಇದ್ದರೆ ಅಗ್ಗದ ಕಾರಣ ಅಲ್ಲೇ ಸಿಕ್ಕಿತು.

ಈಗ ಚಾ. ಇಲ್ಲಿ ನಾನು ನಿಮ್ಮ ಯಜಮಾನರ ಪರ. ಚಾಪುಡಿಯಲ್ಲಿ ಕಂಪನಿ ಮಾರುವುದು ಎಲೆಯನ್ನಲ್ಲ, ಬೆರಕೆಯನ್ನು. ಅಸ್ಸಾಂ, ನೀಲಗಿರಿ, ಬೇರೆ ಬೇರೆ ತೋಟಗಳ ಪುಡಿ ಹರಾಜಿನಲ್ಲಿ ಕೊಂಡು, ರುಚಿ ನೋಡುವವರನ್ನೇ ಸಂಬಳಕ್ಕೆ ಇಟ್ಟುಕೊಂಡು, ಯಾವ ತಿಂಗಳು ತಂದರೂ ಅದೇ ಬಣ್ಣ, ಅದೇ ಒಗರು ಬರುವಂತೆ ಹೊಂದಿಸುತ್ತಾರೆ. ಆ ಕೆಲಸಕ್ಕೆ ದುಡ್ಡು ಕೊಟ್ಟರೆ ಅದು ಪೋಲಲ್ಲ. ಅಂಗಡಿ ಹೆಸರಿನ ಚಾಪುಡಿ ಒಮ್ಮೆ ಒಳ್ಳೆಯದಿರಬಹುದು, ಮುಂದಿನ ಸಲ ಬೇರೆ ಮಾಲು ಬಂದಿರಬಹುದು. ಹಾಲು ಹಾಕಿ ಕುದಿಸುವ ನಮ್ಮ ಚಾಕ್ಕೆ ಪುಡಿ ಗಟ್ಟಿ ಇಲ್ಲದಿದ್ದರೆ ಎಷ್ಟು ಕುದಿಸಿದರೂ ನೀರು ನೀರೇ. ಆದರೂ ಒಂದು ಪ್ರಯೋಗ ಮಾಡಿ. 100 ಗ್ರಾಮಿನ ಸಣ್ಣ ಪ್ಯಾಕೆಟ್ ತನ್ನಿ. ಒಂದೇ ಹಾಲು, ಒಂದೇ ಚಮಚ ಅಳತೆ, ಎರಡು ಪಾತ್ರೆಯಲ್ಲಿ ಎರಡು ಚಾ. ಲೋಟದ ತಳಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಮಾಡುವವರು ಅತ್ತೆ, ಕುಡಿಯುವವರು ನೀವು ಮತ್ತು ನಿಮ್ಮ ಯಜಮಾನರು. ಮಾಡಿದವರಿಗೆ ಗೊತ್ತಿರುತ್ತದೆ, ಕುಡಿದವರಿಗೆ ಗೊತ್ತಿರುವುದಿಲ್ಲ. ಆಗಲೂ ಮುಖ ಕಿವುಚಿದರೆ ಮರುಮಾತಿಲ್ಲದೆ ಹಳೇ ಚಾಪುಡಿಗೇ ಹೋಗಿ. ಕಿವುಚದಿದ್ದರೆ ಅತ್ತೆಯೇ ಸಾಕ್ಷಿ.

ಮಸಾಲೆ ಪುಡಿಗಳನ್ನು ನೀವು ಬರೆದಿಲ್ಲ. ಬಹುಶಃ ಮೀನಿನ ಸಾರಿಗೆ ಬ್ಯಾಡಗಿ ಮೆಣಸು, ಕೊತ್ತಂಬರಿ ಹುರಿದು ಕಾಯಿ ಜೊತೆ ಮನೆಯಲ್ಲೇ ಅರೆಯುತ್ತೀರಿ. ಹಾಗಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಪುಡಿ ಮಾಡಿದ ಮೇಲೆ ಒಳಗೇನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಇದರಲ್ಲಿ ಅಂಗಡಿ ಹೆಸರು, ಕಂಪನಿ ಹೆಸರು ಎರಡನ್ನೂ ನಾನು ಕಣ್ಣು ಮುಚ್ಚಿ ನಂಬುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಾಪುರದವರು ಎಥಿಲೀನ್ ಆಕ್ಸೈಡ್ ಅನ್ನುವ ಕ್ರಿಮಿನಾಶಕ ರಾಸಾಯನಿಕ ಇದೆ ಅಂತ ತಡೆ ಹಾಕಿದ್ದು ಊರೂರಿಗೆ ಗೊತ್ತಿರುವ ಭಾರತೀಯ ಹೆಸರುಗಳ ಮಸಾಲೆಗಳಿಗೆ. ದುಬಾರಿ ಹೆಸರು ಅಂದರೆ ಶುದ್ಧ ಅನ್ನುವ ಲೆಕ್ಕ ಅಲ್ಲಿಗೇ ತಪ್ಪಿತಲ್ವಾ.

ಇಷ್ಟು ಸಾಮಾನಿನ ಮಾತು. ಆದರೆ ನಿಮ್ಮ ಪ್ರಶ್ನೆ ಓದಿದಾಗ ನನಗೆ ಅನಿಸಿದ್ದು, ಮನೆಯಲ್ಲಿ ಜಗಳ ಆಗುತ್ತಿರುವುದು ರುಚಿಗಲ್ಲ. ಅತ್ತೆ "ತಿನ್ನಬೇಡ" ಅಂದಿಲ್ಲ, "ಯಾರಾದರೂ ಬಂದಾಗ ಇಡಬೇಡ" ಅಂದಿದ್ದಾರೆ.

ಅತ್ತೆಯ ಅಡುಗೆಮನೆಯನ್ನೇ ನೋಡಿ. ಉಪ್ಪಿನಕಾಯಿಗೆ, ಮೀನಿಗೆ ಸಾಣಿಕಟ್ಟೆಯ ದಪ್ಪ ಉಪ್ಪೇ ಆಗಬೇಕು ಅನ್ನುವವರು ಅವರ ವಯಸ್ಸಿನಲ್ಲಿ ಎಷ್ಟೋ ಜನ. ಮುರುಗಲ ಸಿಪ್ಪೆ ಯಾರದ್ದೋ ಅಂಗಳದಲ್ಲಿ ಒಣಗಿದ್ದು. ಜೋನಿಬೆಲ್ಲ ಶಿರಸಿ, ಸಿದ್ದಾಪುರದ ಕಡೆಯಿಂದ ಡಬ್ಬದಲ್ಲಿ ಬಂದಿದ್ದು. ಈರುಳ್ಳಿ ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ನೇತು ಹಾಕಿದ್ದು. ಇವುಗಳ ಮೇಲೆ ಹೆಸರಿಲ್ಲ, ಲೇಬಲ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಆದರೂ ಅವೇ ಶ್ರೇಷ್ಠ. ಯಾಕೆಂದರೆ ಕೊಟ್ಟವರ ಮುಖ ಗೊತ್ತು. ಶಿರಸಿಯಲ್ಲಿ ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿಕೊಂಡ ಸಹಕಾರಿ ಸಂಘ ಟಿಎಸ್‌ಎಸ್ ಇದೆಯಲ್ಲ, ಅದರ ಸೂಪರ್ ಮಾರ್ಕೆಟ್ ಚೀಲ ಹಿಡಿದು ಬರಲು ಯಾರಿಗೂ ಸಂಕೋಚ ಇಲ್ಲ, "ನಮ್ಮ ಸೊಸೈಟಿ" ಅಂತ ಎದೆ ಉಬ್ಬಿಸಿಯೇ ಬರುತ್ತಾರೆ. ಕಾರವಾರದಲ್ಲೇ ನೌಕಾನೆಲೆಯ ಕ್ಯಾಂಟೀನಿನಿಂದ ಅಗ್ಗಕ್ಕೆ ಸಾಮಾನು ತರುವವರನ್ನು ಬಡವರು ಅಂತ ಯಾರಾದರೂ ಅಂತಾರಾ? ಕಾರ್ಡ್ ಇದೆಯಂತೆ ಅಂತ ಹೊಟ್ಟೆಕಿಚ್ಚು ಪಡುತ್ತಾರೆ. ಅಲ್ಲಿಗೆ ಅಗ್ಗ ಅನ್ನುವುದು ಅವಮಾನ ಅಲ್ಲ. ಮುಖವೂ ಗೊತ್ತಿಲ್ಲದ, ಟಿವಿಯಲ್ಲೂ ಬಾರದ ಅಗ್ಗ ಮಾತ್ರ ಅವಮಾನ.

ಈ ಭಾವನೆಯನ್ನು ಅಂಗಡಿಗಳೂ ಬೇಕೆಂದೇ ಸಾಕುತ್ತವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಫ್ರಾನ್ಸ್‌ನಲ್ಲಿ ಕ್ಯಾರಿಫೋರ್ ಅಂಗಡಿಗಳು 1976ರಲ್ಲಿ ಹೆಸರೇ ಇಲ್ಲದ ಬಿಳಿ ಪ್ಯಾಕೆಟ್‌ಗಳನ್ನು ತಂದವು. ಬ್ರಿಟನ್‌ನ ಟೆಸ್ಕೊ 1993ರಲ್ಲಿ ತನ್ನ ಅತಿ ಅಗ್ಗದ ಮಾಲಿಗೆ ನೀಲಿ-ಬಿಳಿ ಪಟ್ಟಿಯ ಸಪ್ಪೆ ಕವರು ಹಾಕಿತು. ಚಂದದ ಕವರು ಹಾಕಲು ದುಡ್ಡಿರಲಿಲ್ಲವಾ? ಇತ್ತು. ಅಗ್ಗದ್ದೂ ಚಂದ ಕಂಡರೆ ಜಾಸ್ತಿ ಕೊಡಬಲ್ಲವರೂ ಅದನ್ನೇ ಎತ್ತಿಕೊಂಡು ಹೋಗುತ್ತಾರೆ ಅನ್ನುವುದು ಇದಕ್ಕೆ ಅರ್ಥಶಾಸ್ತ್ರದವರು ಕೊಡುವ ವಿವರಣೆ. ನಾಚಿಕೆಯಾಗಲಿ ಅಂತಲೇ ಸಪ್ಪೆ. ಇವತ್ತು ಬ್ರಿಟನ್‌ನಲ್ಲಿ ದಿನಸಿ ವ್ಯಾಪಾರದ ಹತ್ತಿರ ಹತ್ತಿರ ಅರ್ಧ ಅಂಗಡಿಗಳ ಸ್ವಂತ ಹೆಸರಿನದ್ದೇ, ಅಲ್ಲಿ ಆ ನಾಚಿಕೆ ಬಹಳ ಮಟ್ಟಿಗೆ ಇಳಿದಿದೆ.

ಇನ್ನೊಂದು ಮಾತು, "ಬಡವರ ಪ್ಯಾಕೆಟ್" ಅಂತಾರಲ್ಲ ಅತ್ತೆ, ಅದು ವಾಸ್ತವಕ್ಕೇ ಉಲ್ಟಾ. ನಮ್ಮ ಕಡೆ ಕೈಯಲ್ಲಿ ದುಡ್ಡು ಕಡಿಮೆ ಇರುವವರು ಕೊಳ್ಳುವುದು ದೊಡ್ಡ ಕಂಪನಿಗಳದ್ದೇ ಮಾಲು. ಐದು ರೂಪಾಯಿ ಬಿಸ್ಕತ್ತು, ಹತ್ತು ರೂಪಾಯಿ ಚಾಪುಡಿ, ಒಂದೆರಡು ರೂಪಾಯಿಯ ಶಾಂಪೂ. ಅಂಗಡಿ ಹೆಸರಿನ ಅಗ್ಗದ ಪ್ಯಾಕೆಟ್ ಬೇಕಾದರೆ ಸೂಪರ್ ಮಾರ್ಕೆಟ್ ಇರುವ ಊರಿಗೆ ಹೋಗಬೇಕು, ತಿಂಗಳ ಸಾಮಾನಿಗೆ ಒಟ್ಟಿಗೆ ರೊಕ್ಕ ಎಣಿಸಬೇಕು, ಹೊತ್ತು ತರಲು ಗಾಡಿ ಬೇಕು. ಮೀನುಗಾರರ ಕೇರಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳು ದಡದಲ್ಲೇ. ಆ ಎರಡು ತಿಂಗಳು ಮನೆ ನಡೆಯುವುದು ಕಿರಾಣಿ ಅಂಗಡಿಯ ಉದ್ರಿ ಖಾತೆಯಿಂದ. ಸೂಪರ್ ಮಾರ್ಕೆಟ್‌ನ ಕೌಂಟರಿನಲ್ಲಿ "ಬರೆದಿಟ್ಕೊಳ್ಳಿ, ಆಗಸ್ಟಿಗೆ ಕೊಡ್ತೇನೆ" ಅಂದರೆ ನಡೆಯುತ್ತದಾ? ಹಾಗಾಗಿ ಅಗ್ಗದ ಪ್ಯಾಕೆಟ್ ತರಲು ಸಾಧ್ಯ ಆಗುವುದೇ ನಿಮ್ಮ ನಮ್ಮಂಥ ಮಧ್ಯಮ ವರ್ಗದವರಿಗೆ. ಅತ್ತೆಗೆ ಹೇಳಿ ನೋಡಿ, ನಗಬಹುದು.

ನಿಮ್ಮ ಕಿರಾಣಿಯವರ ಎದುರಿನ ಸಂಕೋಚ ಮಾತ್ರ ನನಗೆ ಅರ್ಥ ಆಗುತ್ತದೆ, ಅದನ್ನು ತೆಗೆದು ಹಾಕಿ ಅನ್ನಲಾರೆ. ಆದರೆ ಒಂದು ಲೆಕ್ಕ ಮಾಡಿದ್ದೀರಾ? ನೀವು ಅಂಗಡಿ ಹೆಸರಿನ ಬೇಳೆಯನ್ನು ಕಂಪನಿ ಬೇಳೆ ಜೊತೆ ಹೋಲಿಸುತ್ತಿದ್ದೀರಿ. ಅದನ್ನು ಹೋಲಿಸಬೇಕಾದ್ದು ಕಿರಾಣಿಯವರು ಚೀಲದಿಂದ ತೂಗಿ ಕೊಡುವ ಬೇಳೆ ಜೊತೆ. 2022ರ ಜುಲೈ 18ರಿಂದ, 25 ಕೆಜಿ ತನಕದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಇದೆ, ಹೆಸರು ದೊಡ್ಡದಿರಲಿ ಸಣ್ಣದಿರಲಿ. ನಿಮ್ಮೆದುರು ತೂಗಿ ಕೊಟ್ಟಿದ್ದಕ್ಕೆ ಅದಿಲ್ಲ. ಮೇಲಿಂದ ನಿಮ್ಮ ಬಸ್ಸಿನ ಅಥವಾ ಪೆಟ್ರೋಲಿನ ಖರ್ಚು. ಎಷ್ಟೋ ಸಲ ವ್ಯತ್ಯಾಸ ಕೆಜಿಗೆ ಐದು ಹತ್ತು ರೂಪಾಯಿಗೆ ಬಂದು ನಿಲ್ಲುತ್ತದೆ, ಕೆಲವು ಸಲ ಅದೂ ಇಲ್ಲ. ಇನ್ನು ಕುಚಲಕ್ಕಿ, ಕೊಬ್ಬರಿ ಎಣ್ಣೆ, ಅವಲಕ್ಕಿ ಇವೆಲ್ಲ ಆ ದೊಡ್ಡ ಅಂಗಡಿಗಳಲ್ಲಿ ನಮ್ಮ ಬಾಯಿಗೆ ಹೊಂದುವ ಹಾಗೆ ಸಿಗುವುದು ಕಡಿಮೆ, ಅವನ್ನು ಊರಲ್ಲೇ ತನ್ನಿ.

ಹಾಗಾಗಿ ನಾನಾದರೆ ಹೀಗೆ ಮಾಡುತ್ತೇನೆ. ಸಕ್ಕರೆ, ಉಪ್ಪು, ನೆಲ ಒರೆಸುವ ಫಿನೈಲು, ಕಸದ ಚೀಲ ಯಾವ ಯೋಚನೆ ಇಲ್ಲದೆ ಅಂಗಡಿ ಹೆಸರಿನದ್ದು. ಬೇಳೆ, ಹಿಟ್ಟು ಪ್ಯಾಕ್ ಮಾಡಿದ ತಿಂಗಳು ನೋಡಿ, ಕಿರಾಣಿಯವರ ದರ ಕೇಳಿಕೊಂಡು. ಚಾಪುಡಿ ಆ ಎರಡು ಲೋಟದ ಪರೀಕ್ಷೆಯಾದ ಮೇಲೆ. ಬಿಸ್ಕತ್ತಿನಲ್ಲಿ ಮಕ್ಕಳಿಗೆ, ನಿಮಗೆ ಅಂಗಡಿಯದ್ದು, ಬಂದವರಿಗೆ ಅತ್ತೆ ಹೇಳಿದ ಕಂಪನಿಯದ್ದೇ ಒಂದೆರಡು ಪ್ಯಾಕೆಟ್ ಬೇರೆ ಡಬ್ಬಿಯಲ್ಲಿ. ಬಂದವರ ಎದುರು ಏನಿಡಬೇಕು ಅನ್ನುವುದು ಮನೆ ಹಿರಿಯರ ಅಧಿಕಾರ, ಹತ್ತಿಪ್ಪತ್ತು ರೂಪಾಯಿಗೆ ಅದನ್ನು ಕಸಿಯಬೇಡಿ. ಪ್ಯಾಕೆಟ್ ಹಿಂದೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಮತ್ತು ತಯಾರಿಸಿದವರು ಅಥವಾ ಪ್ಯಾಕ್ ಮಾಡಿದವರ ವಿಳಾಸ ಇಲ್ಲದಿದ್ದರೆ ಯಾವ ಹೆಸರಿನದ್ದನ್ನೂ ತರಬೇಡಿ. ಹುಳ, ವಾಸನೆ ಬಂದರೆ ಬಿಲ್ ಮತ್ತು ಖಾಲಿ ಕವರು ಇಟ್ಟುಕೊಳ್ಳಿ. ತಮ್ಮದೇ ಹೆಸರು ಇರುವ ಕಾರಣ ಅಂಗಡಿಯವರಿಗೆ "ಕಂಪನಿಗೆ ಕೇಳಿ" ಅಂತ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಹಾಗೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.